ಅಧ್ಯಕ್ಷರ ಕುರ್ಚಿ ಮತ್ತು ಕೇಸಿನ ಕಾಲಮಿತಿ

ಪ್ರಶ್ನೆ: ಅಮೆರಿಕದ ಅಧ್ಯಕ್ಷರ ಮೇಲೆ ಅಧಿಕಾರದಲ್ಲಿರುವಾಗ ಕ್ರಿಮಿನಲ್ ಕೇಸು ಹಾಕುವಂತಿಲ್ಲವಂತೆ. ಅಷ್ಟರಲ್ಲಿ ಕೇಸು ಹಾಕಬೇಕಾದ ಕಾಲಮಿತಿಯೇ ಮುಗಿದುಹೋದರೆ?

ಉತ್ತರ: ಆ ಅಪಾಯ ನಿಜವಾಗಿಯೂ ಇದೆ. ಕೇಸು ಹಾಕಬಾರದೆಂದು ಅಲ್ಲಿನ ಸಂವಿಧಾನದಲ್ಲಿ ಬರೆದಿಲ್ಲ; ಅದು ನ್ಯಾಯ ಇಲಾಖೆ 1973ರಲ್ಲಿ ತಳೆದು, 2000ದಲ್ಲಿ ಮತ್ತೆ ಎತ್ತಿಹಿಡಿದ ಅಭಿಪ್ರಾಯ. ಬಹುತೇಕ ಫೆಡರಲ್ (ಅಲ್ಲಿನ ಕೇಂದ್ರ ಕಾನೂನಿನ) ಅಪರಾಧಗಳಿಗೆ ಕಾಲಮಿತಿ 5 ವರ್ಷ. ಅಧ್ಯಕ್ಷಗಿರಿಯ ಅವಧಿಯನ್ನು ಈ ಲೆಕ್ಕದಿಂದ ಬಿಡುವ ಸ್ಪಷ್ಟ ಕಾಯ್ದೆ ಇಲ್ಲ.

ಲೆಕ್ಕ ಹಾಕಿ ನೋಡಿ. ಅಧಿಕಾರಕ್ಕೆ ಬಂದ ಎರಡು ತಿಂಗಳಿಗೆ ಅಪರಾಧ ನಡೆಯಿತು, ಅವರೇ ಮರುಆಯ್ಕೆಯಾದರು ಎನ್ನೋಣ. ಎರಡನೇ ಅವಧಿಯ 14ನೇ ತಿಂಗಳಿಗೇ ಕಾಲಮಿತಿ ಮುಗಿಯುತ್ತದೆ; ಅವರು ಕುರ್ಚಿ ಬಿಡಲು ಇನ್ನೂ 34 ತಿಂಗಳು ಬಾಕಿ! ಆಮೇಲೆ ಕಾಯ್ದೆ ಮಾಡಿದರೂ ಸತ್ತ ಕೇಸಿಗೆ ಜೀವ ಬರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಆದ್ದರಿಂದ ಕಾಯ್ದೆ ಮೊದಲೇ ಬರಬೇಕು.

ಫ್ರಾನ್ಸ್‌ನದು ಒಳ್ಳೆಯ ಮಾದರಿ. ಅಲ್ಲಿನ ಸಂವಿಧಾನದ, 2007ರಲ್ಲಿ ತಿದ್ದಿದ 67ನೇ ವಿಧಿಯ ಪ್ರಕಾರ ಅಧ್ಯಕ್ಷರ ಅಧಿಕಾರಾವಧಿಯಲ್ಲಿ ಕಾಲಮಿತಿಯ ಎಣಿಕೆ ನಿಂತಿರುತ್ತದೆ, ಕುರ್ಚಿ ಬಿಟ್ಟ ಒಂದು ತಿಂಗಳ ನಂತರ ಕೇಸು ಶುರುಮಾಡಬಹುದು. ದಕ್ಷಿಣ ಕೊರಿಯಾದಲ್ಲಿ ಹೀಗೆ ಎಣಿಕೆ ನಿಲ್ಲುತ್ತದೆಂದು 1995ರಲ್ಲಿ ಸಾಂವಿಧಾನಿಕ ನ್ಯಾಯಾಲಯವೇ ಹೇಳಿತು.

ನಮ್ಮಲ್ಲಿ 361ನೇ ವಿಧಿ ರಾಷ್ಟ್ರಪತಿ, ರಾಜ್ಯಪಾಲರಿಗೆ ರಕ್ಷಣೆ ಕೊಡುತ್ತದೆ. ಆದರೆ 3 ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಸಾಮಾನ್ಯವಾಗಿ ಕಾಲಮಿತಿಯೇ ಇಲ್ಲ.