ಬಫರ್‌ನಲ್ಲಿ ಸರಿ, ರಕ್ತದಲ್ಲಿ ಕಡಿಮೆ

ಪ್ರಶ್ನೆ: ಕಿಡ್ನಿ ಕಸಿಯಾದವರ ರಕ್ತದಲ್ಲಿ ಸೈಕ್ಲೋಸ್ಪೊರಿನ್ (ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಔಷಧ) ಅಳೆಯಲು ಫ್ಲೋರೆಸೀನ್ ಟ್ರೇಸರ್ (ಹೊಳೆಯುವ ಬಣ್ಣ ಅಂಟಿಸಿದ ಅದೇ ಔಷಧ) ಬಳಸಿ ಪೋಲರೈಸೇಶನ್ ಅಸ್ಸೇ (ಟ್ರೇಸರ್‌ನ ಬೆಳಕು ಎಷ್ಟರ ಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ ಎಂದು ಅಳೆಯುವ ಪರೀಕ್ಷೆ) ರೂಪಿಸುತ್ತಿದ್ದೇವೆ. ಬಫರ್‌ನಲ್ಲಿ ಕರ್ವ್ ಸೊಗಸಾಗಿ ಬರುತ್ತದೆ. ರಕ್ತಕ್ಕೆ ಔಷಧ ಬೆರೆಸಿ ನೋಡಿದರೆ ಬೆರೆಸಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಔಷಧವನ್ನೂ ಟ್ರೇಸರನ್ನೂ ಹಿಡಿಯುವ ಆ್ಯಂಟಿಬಾಡಿ ಬದಲಿಸಬೇಕೆ?

ಉತ್ತರ: ಈಗಲೇ ಬೇಡ. ಮೊದಲು ಸ್ಯಾಂಪಲ್ ತಯಾರಿಯನ್ನು ಪರೀಕ್ಷಿಸಿ. ಸೈಕ್ಲೋಸ್ಪೊರಿನ್‌ನ ದೊಡ್ಡ ಪಾಲು ಕೆಂಪು ರಕ್ತಕಣಗಳೊಳಗೆ ಇರುತ್ತದೆ. ಹಾಗಾಗಿ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ಇಡೀ ರಕ್ತವನ್ನೇ ತೆಗೆದುಕೊಂಡು ಕಣಗಳನ್ನು ಒಡೆಯಬೇಕು. 100 ಮೈಕ್ರೊಲೀಟರ್ ರಕ್ತಕ್ಕೆ 0.1 ಮೋಲಾರ್ ಝಿಂಕ್ ಸಲ್ಫೇಟ್ 100, ಮೆಥನಾಲ್ 200 ಮೈಕ್ರೊಲೀಟರ್ ಹಾಕಿ ವೋರ್ಟೆಕ್ಸ್ ಮಾಡಿ, ಸೆಂಟ್ರಿಫ್ಯೂಜ್ ಮಾಡಿ. ಇದರಿಂದ ಶುರು ಮಾಡಬಹುದು. ಮೇಲಿನ ತಿಳಿಯನ್ನು ಬಫರ್‌ನಲ್ಲಿ 10 ಪಟ್ಟು ತೆಳು ಮಾಡಿದರೆ ಮೆಥನಾಲ್ ಶೇ. 5ಕ್ಕೆ ಇಳಿಯುತ್ತದೆ. ಟ್ಯೂಬಿನ ಮುಚ್ಚಳ ತೆರೆದಿಟ್ಟರೆ ಮೆಥನಾಲ್ ಆರಿ ಔಷಧದ ಸಾಂದ್ರತೆ ಏರುತ್ತದೆ. ಕ್ಯಾಲಿಬ್ರೇಟರ್‌ಗಳನ್ನೂ (ಗೊತ್ತಿರುವ ಪ್ರಮಾಣದ ಔಷಧ ಬೆರೆಸಿದ ಮಾದರಿಗಳು) ಔಷಧವಿಲ್ಲದ ರಕ್ತದಲ್ಲೇ ಮಾಡಿ, ಇದೇ ಹಾದಿಯಲ್ಲಿ ಸಾಗಿಸಿ. ಬಫರ್ ಕರ್ವ್‌ನಿಂದ ರಕ್ತವನ್ನು ಓದುವುದು ತಪ್ಪು.

ನಿಮ್ಮ ಕಡಿಮೆ ರೀಡಿಂಗ್‌ಗೆ ನನ್ನ ಮೊದಲ ಅನುಮಾನ ಚದುರಿದ ಬೆಳಕಿನ ಮೇಲೆ. ಔಷಧ ಹೆಚ್ಚಿದಷ್ಟೂ ಟ್ರೇಸರ್ ಆ್ಯಂಟಿಬಾಡಿಯಿಂದ ಬಿಡುಗಡೆಯಾಗಿ ವೇಗವಾಗಿ ತಿರುಗುತ್ತದೆ, ಪೋಲರೈಸೇಶನ್ ಇಳಿಯುತ್ತದೆ. ತಿಳಿ ಮಬ್ಬಾಗಿದ್ದರೆ ಚದುರಿದ ಬೆಳಕು ಪೋಲರೈಸ್ ಆಗಿಯೇ ಡಿಟೆಕ್ಟರ್ ತಲುಪಿ ಪೋಲರೈಸೇಶನ್ ಮೌಲ್ಯವನ್ನು ಮೇಲೆತ್ತುತ್ತದೆ. ಔಷಧ ಕಡಿಮೆಯಿದ್ದಂತೆ ಕಾಣುತ್ತದೆ. ಟ್ರೇಸರ್ ಇಲ್ಲದ ಬ್ಲ್ಯಾಂಕನ್ನು ಸಮಾಂತರ, ಲಂಬ ಎರಡೂ ಚಾನೆಲ್‌ಗಳಿಂದ ಬೇರೆ ಬೇರೆಯಾಗಿ ಕಳೆದ ಮೇಲೆಯೇ ಲೆಕ್ಕ ಹಾಕಿ. ಎರಡನೆಯ ಅನುಮಾನ ಪ್ಲಾಸ್ಟಿಕ್: ನೀರಿನಂಥ ದ್ರಾವಣದಲ್ಲಿ ಈ ಔಷಧ ಗೋಡೆಗೆ ಅಂಟುತ್ತದೆ. ಪಿಎಚ್ 7.5ರ ಮೇಲಿರಲಿ, ಅದಕ್ಕಿಂತ ಇಳಿದಂತೆ ಫ್ಲೋರೆಸೀನ್ ಮಂಕಾಗುತ್ತದೆ.

ಇವೆಲ್ಲ ಸರಿಯಾದ ಮೇಲೆ ಆ್ಯಂಟಿಬಾಡಿಯ ಸರದಿ. ದೇಹ ಈ ಔಷಧವನ್ನು ಮಾರ್ಪಡಿಸಿದಾಗ ಉಂಟಾಗುವ ಎಎಂ1, ಎಎಂ9 ಮೆಟಬೊಲೈಟ್‌ಗಳನ್ನು ಬೆರೆಸಿ, ಆ್ಯಂಟಿಬಾಡಿ ಅವನ್ನೂ ಹಿಡಿಯುತ್ತದೆಯೇ ಎಂದು ನೋಡಲೇಬೇಕು. ಹಿಡಿದರೆ, ಪಿತ್ತ ಸರಾಗವಾಗಿ ಹರಿಯದ ರೋಗಿಗಳಲ್ಲಿ ಇವು ಸೇರಿಕೊಂಡು ಫಲಿತಾಂಶವನ್ನು ಏರಿಸುತ್ತವೆ. ವೈದ್ಯರು ಅದನ್ನು ನಂಬಿ ಡೋಸ್ ತಗ್ಗಿಸಿದರೆ ಕಸಿ ಮಾಡಿದ ಅಂಗಕ್ಕೇ ಅಪಾಯ.

ಪ್ರಶ್ನೆ: ಕಸಿಯಾದವರಿಗೆ ಕೊಡುವ ಇನ್ನೊಂದು ಔಷಧ ಟ್ಯಾಕ್ರೊಲಿಮಸ್‌ಗೆ ಇದೇ ವಿಧಾನ ಆಗುತ್ತದೆಯೇ?

ಉತ್ತರ: ಕಷ್ಟ. ಮಿಲಿಲೀಟರ್‌ಗೆ 100 ನ್ಯಾನೊಗ್ರಾಂ ಸೈಕ್ಲೋಸ್ಪೊರಿನ್ ಎಂದರೆ ಸುಮಾರು 83 ನ್ಯಾನೊಮೋಲಾರ್. ಮೇಲಿನ ಕ್ರಮದಲ್ಲಿ 40 ಪಟ್ಟು ತೆಳುವಾದರೂ 2 ಉಳಿಯುತ್ತದೆ, 1 ನ್ಯಾನೊಮೋಲಾರ್ ಟ್ರೇಸರ್ ಜೊತೆ ಪೈಪೋಟಿ ಮಾಡಬಲ್ಲದು. 5 ನ್ಯಾನೊಗ್ರಾಂ ಟ್ಯಾಕ್ರೊಲಿಮಸ್ ಶುರುವಿನಲ್ಲೇ 6, ಕೊನೆಗೆ 0.15 ಮಾತ್ರ. ಹೆಚ್ಚು ಹೊತ್ತು ಹೊಳೆಯುವ ಯುರೋಪಿಯಂ ಲೋಹದ ಲೇಬಲ್ ಇರುವ ಟೈಮ್-ರಿಸಾಲ್ವ್ಡ್ (ತುಸು ತಡೆದು ಅಳೆಯುವ) ವಿಧಾನ ಪ್ರಯತ್ನಿಸಿ. ರಕ್ತದ ಸ್ವಂತ ಹೊಳಪು ಆರಿದ ಮೇಲೆ ಅಳೆಯಬಹುದು. ಆದರೆ ಇಡಿಟಿಎ ಯುರೋಪಿಯಂ ಅನ್ನು ಕಿತ್ತುಕೊಳ್ಳುತ್ತದೆ. ಲೇಬಲ್ ಹಾಕುವ ಮುನ್ನ ಪ್ಲೇಟಿನ ಕುಳಿಗಳನ್ನು ಚೆನ್ನಾಗಿ ತೊಳೆಯಿರಿ.