ದಿಯೊತಲ್ಲೇವಿ ಅಂದರೆ ಏನು, ಎಲ್ಲಿಯವರು: ನಿಮ್ಮ ಪ್ರಶ್ನೆಗೆ ಉತ್ತರ

ಅಕ್ಕ, ನಿಮ್ಮ ಪೋಸ್ಟನ್ನು ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ತಡವಾಗಿ ಬಂದವರಿಗೆ ಪ್ರಶ್ನೆ ಇಷ್ಟು. ಅಕ್ಕನ ಮಗಳು ಇಟಲಿಯ ಹುಡುಗನನ್ನು ಮದುವೆಯಾಗುತ್ತಿದ್ದಾಳೆ. ಅವನ ಅಡ್ಡಹೆಸರು ದಿಯೊತಲ್ಲೇವಿ. ನೆಂಟರೊಬ್ಬರು ನೆಟ್ಟಲ್ಲಿ ನೋಡಿ ‘ಇದು ಅನಾಥಾಶ್ರಮದಲ್ಲಿ ಇಡುತ್ತಿದ್ದ ಹೆಸರು’ ಅಂದರಂತೆ. ಇನ್ನೊಂದು ಸೈಟು ‘ಇದು ರಾಜಮನೆತನ’ ಅಂತ ಲಾಂಛನವನ್ನೇ ಮಾರುತ್ತಿದೆಯಂತೆ. ಯಾವುದು ನಿಜ? ಈ ಹೆಸರಿನವರು ಎಲ್ಲಿದ್ದಾರೆ? ಮದುವೆ ಕಾರ್ಡಿನಲ್ಲಿ ಕನ್ನಡದಲ್ಲಿ ಹೇಗೆ ಬರೆಯಬೇಕು?

ಮೊದಲು ಗಾಬರಿ ಇಳಿಸಿಬಿಡುತ್ತೇನೆ. ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಲಾಂಛನದವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಆದರೆ ಇಬ್ಬರು ಹೇಳಿದ್ದರಲ್ಲೂ ನಿಮ್ಮ ಅಳಿಯನ ಮನೆಯ ಬಗ್ಗೆ ಏನೂ ಇಲ್ಲ. ಅದು ಗೊತ್ತಾಗಬೇಕಾದರೆ ಒಂದು ಊರಿನ ಹೆಸರು ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರನ್ನು ಬಿಡಿಸಿ ನೋಡಿ. ‘ದಿಯೊ’ ಅಂದರೆ ದೇವರು. ನಡುವಿನ ‘ತ್’ ಅಂದರೆ ‘ನಿನ್ನನ್ನು’. ‘ಅಲ್ಲೇವಿ’ ಅನ್ನುವುದು ‘ಅಲ್ಲೆವಾರೆ’ ಎಂಬ ಕ್ರಿಯಾಪದದಿಂದ ಬಂದದ್ದು. ಒಟ್ಟು ಸೇರಿದರೆ ‘ದೇವರು ನಿನ್ನನ್ನು ಸಾಕಲಿ’. ಹೆಸರೇ ಒಂದು ಪೂರ್ತಿ ವಾಕ್ಯ! ಇಟಲಿಯ ಅಡ್ಡಹೆಸರುಗಳಲ್ಲಿ ಬಹಳಷ್ಟು ‘ಇ’ಯಲ್ಲಿ ಮುಗಿಯುತ್ತವೆ, ರೊಸ್ಸಿ, ಬಿಯಾಂಕಿ, ಫೆರಾರಿ ಥರ. ಅಲ್ಲಿ ಆ ‘ಇ’ ಸಾಮಾನ್ಯವಾಗಿ ‘ಇಂಥವರ ಮನೆಯವರು’ ಅನ್ನುವುದನ್ನು ತೋರಿಸುತ್ತದೆ. ದಿಯೊತಲ್ಲೇವಿಯ ಕೊನೆಯ ‘ಇ’ ಬೇರೆ ಜಾತಿಯದು. ನಮ್ಮ ‘ಸಾಕಲಿ, ಬಾಳಲಿ, ಬೆಳೆಯಲಿ’ಯಲ್ಲಿ ‘ಲಿ’ ಏನು ಮಾಡುತ್ತದೋ ಅದೇ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ.

‘ಸಾಕು’ ಅನ್ನುವ ಪದವನ್ನು ಬೇಕೆಂದೇ ಬಳಸಿದೆ. ‘ಅಲ್ಲೆವಾರೆ’ ಕೂಡ ಮಗುವಿಗೂ ಆಗುತ್ತದೆ, ದನಕ್ಕೂ ಆಗುತ್ತದೆ. ಇವತ್ತಿಗೂ ಅಲ್ಲಿ ಕೋಳಿ, ಹಂದಿ, ಹಸು ಸಾಕುವವನನ್ನು ‘ಅಲ್ಲೆವತೋರೆ’ ಅನ್ನುತ್ತಾರೆ. ನಾವೂ ಹಾಗೇ ಅಲ್ವಾ, ಮಕ್ಕಳನ್ನು ಸಾಕಿದೆವು ಅಂತೀವಿ, ಕುರಿ ಸಾಕಿದೆವು ಅಂತಲೂ ಅಂತೀವಿ. ಇಂಗ್ಲಿಷಿನಲ್ಲಿ ಅರ್ಥ ಓದಿದಾಗ ಸಪ್ಪೆ ಅನ್ನಿಸುವ ಈ ಹೆಸರು ಕನ್ನಡಕ್ಕೆ ಬಂದರೆ ಸರಿಯಾಗಿ ಕೂರುತ್ತದೆ.

ಇಂಥ ಹರಕೆಯ ಹೆಸರುಗಳು ಮಧ್ಯಯುಗದ ಇಟಲಿಯಲ್ಲಿ ಬೇಕಾದಷ್ಟಿದ್ದವು. ಪೀಸಾದ ವಾಲುಗೋಪುರ ಇರುವ ಆವರಣದಲ್ಲೇ ದೊಡ್ಡ ದುಂಡನೆಯ ದೀಕ್ಷಾಗೃಹ, ಅಂದರೆ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡುವ ಕಟ್ಟಡ ಇದೆ, ಅದರ ಕೆಲಸವನ್ನು 12ನೇ ಶತಮಾನದ ನಡುವಿನಲ್ಲಿ ಶುರುಮಾಡಿದ ಶಿಲ್ಪಿಯ ಹೆಸರು ದಿಯೊತಿಸಾಲ್ವಿ. ‘ದೇವರು ನಿನ್ನನ್ನು ಕಾಪಾಡಲಿ’ ಅಂತ. ಬೊಲೋನ್ಯವನ್ನು ಆಳಿದ ಬೆಂತಿವೋಲ್ಯೊ ಮನೆತನದ ಹೆಸರಿನ ಅರ್ಥ ‘ನಿನಗೆ ಒಳ್ಳೆಯದಾಗಲಿ ಅಂತ ಬಯಸುತ್ತೇನೆ’. ಮೈಕೆಲ್ಯಾಂಜೆಲೊನ ಅಡ್ಡಹೆಸರು ಬುವೊನಾರೋತಿ ಕೂಡ ಇದೇ ಜಾತಿಯದು, ‘ಒಳ್ಳೆಯ ಸೇರ್ಪಡೆ’, ಅಂದರೆ ಮನೆಗೆ ಬಂದ ಹೊಸ ಕೂಸು.

ಇವೆಲ್ಲ ಮೊದಲು ಅಡ್ಡಹೆಸರುಗಳೇ ಅಲ್ಲ, ಮಗುವಿಗೆ ಇಟ್ಟ ಹೆಸರುಗಳು. ಮಾರ್ಕೆ ಪ್ರಾಂತ್ಯದ ಬೆಟ್ಟದ ಸೀಮೆಯಲ್ಲಿ ಎಸಾನಾತೋಲ್ಯ ಅಂತ ಒಂದು ಸಣ್ಣ ಊರಿದೆ. 14ನೇ ಶತಮಾನದಲ್ಲಿ ಅಲ್ಲಿ ಒಬ್ಬ ಚಿತ್ರಗಾರ ಇದ್ದ. ಅವನ ಹೆಸರು ದಿಯೊತಲ್ಲೇವಿ ದಿ ಆಂಜೆಲುಚ್ಚೊ. ಆಂಜೆಲುಚ್ಚೊನ ಮಗ ದಿಯೊತಲ್ಲೇವಿ. ಇಲ್ಲಿ ದಿಯೊತಲ್ಲೇವಿ ಅವನ ಸ್ವಂತ ಹೆಸರು ನೋಡಿ. ಅನಾಥನಂತೂ ಅಲ್ಲ, ಅಪ್ಪನ ಹೆಸರು ಪಕ್ಕದಲ್ಲೇ ಇದೆ. ಇಂಥವರ ಮಕ್ಕಳು, ಮೊಮ್ಮಕ್ಕಳು ‘ದಿಯೊತಲ್ಲೇವಿಯ ಮನೆಯವರು’ ಅನ್ನಿಸಿಕೊಂಡು ಕಾಲಕ್ರಮದಲ್ಲಿ ಅದೇ ಅಡ್ಡಹೆಸರಾಗಿ ನಿಂತಿತು. ಒಂದೇ ಊರಲ್ಲಿ ಅಲ್ಲ, ಬೇರೆ ಬೇರೆ ಊರುಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ. ಈ ಮಾತನ್ನು ದಯವಿಟ್ಟು ನೆನಪಿಡಿ. ಹೆಸರು ಅಪರೂಪ ಅಂದ ಮಾತ್ರಕ್ಕೆ ಎಲ್ಲರೂ ಒಂದೇ ಬೇರಿನವರು ಅಂತಲ್ಲ. ನಮ್ಮ ಗುಂಪಿನಲ್ಲೂ ಜಾಸ್ತಿ ಜನ ಎಡವುವುದು ಇಲ್ಲೇ.

ಮಕ್ಕಳು ಉಳಿಯದ ಕಾಲದ ಭಯ ಇದು. ನಮ್ಮಲ್ಲಿ ಅದೇ ಭಯಕ್ಕೆ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಅಂತ ಇಡುತ್ತಿದ್ದರು, ಸಾವಿಗೂ ಬೇಡವಾಗಲಿ ಅಂತ. ಅವರು ದೇವರನ್ನು ಬೇಡಿಕೊಂಡರು, ನಾವು ಯಮನಿಗೆ ಟೋಪಿ ಹಾಕಿದೆವು.

ಈಗ ಅನಾಥರ ವಿಷಯ. ಹೌದು, ಈ ಹೆಸರನ್ನು ಬಿಟ್ಟುಹೋದ ಮಕ್ಕಳಿಗೂ ಇಟ್ಟಿದ್ದಾರೆ. ಅರ್ಥ ನೋಡಿದರೇ ಗೊತ್ತಾಗುತ್ತದೆ, ಅಪ್ಪ ಅಮ್ಮ ಇಲ್ಲ, ದೇವರೇ ಸಾಕಲಿ. ಇಟಲಿಯ ಊರುಗಳಲ್ಲಿ ಶತಮಾನಗಳ ಕಾಲ ಇದಕ್ಕೊಂದು ವ್ಯವಸ್ಥೆಯೇ ಇತ್ತು. ಆಸ್ಪತ್ರೆಯ ಗೋಡೆಯಲ್ಲಿ ತಿರುಗುವ ಮರದ ಪೀಪಾಯಿ. ಹೊರಗಿನಿಂದ ಮಗುವನ್ನು ಅದರೊಳಗೆ ಇಟ್ಟು ತಿರುಗಿಸಿ ಗಂಟೆ ಬಾರಿಸಿದರೆ ಒಳಗಿನವರು ಎತ್ತಿಕೊಳ್ಳುತ್ತಿದ್ದರು. ಬಿಟ್ಟವರ ಮುಖ ಕಾಣುವುದಿಲ್ಲ. ಒಂದೊಂದು ಊರು ಒಂದೊಂದು ಹೆಸರು ಕೊಡುತ್ತಿತ್ತು. ನೇಪಲ್ಸ್‌ನಲ್ಲಿ ಎಸ್ಪೋಸಿತೊ, ಅಂದರೆ ಹೊರಗೆ ಇಟ್ಟವನು. ರೋಮಿನಲ್ಲಿ ಪ್ರೊಯೆತ್ತಿ, ಅಂದರೆ ಎಸೆದುಹೋದವರು. ಮಿಲಾನಿನಲ್ಲಿ ಕೊಲೊಂಬೊ, ಅಲ್ಲಿನ ದೊಡ್ಡಾಸ್ಪತ್ರೆಯ ಗುರುತು ಪಾರಿವಾಳ ಆಗಿದ್ದರಿಂದ. ಫ್ಲಾರೆನ್ಸ್‌ನಲ್ಲಿ ಇನ್ನೊಚೆಂತಿ, ಅಂದರೆ ಮುಗ್ಧರು, ಅಲ್ಲಿನ ಅನಾಥಾಲಯದ ಹೆಸರೇ ಅದು. ಎಸ್ಪೋಸಿತೊ ಇವತ್ತು ಇಡೀ ಇಟಲಿಯ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಒಂದು, ಯಾರೂ ತಲೆ ತಗ್ಗಿಸಿಕೊಂಡು ಹೇಳುವುದಿಲ್ಲ.

ಫ್ಲಾರೆನ್ಸ್‌ನ ಆ ಅನಾಥಾಲಯ 1445ರಲ್ಲಿ ಬಾಗಿಲು ತೆರೆಯಿತು. ಈಗ ಅಲ್ಲಿ ಮ್ಯೂಸಿಯಂ ಇದೆ. ನಾನು ಬೊಲೋನ್ಯದಲ್ಲಿ ಕೆಲಸಕ್ಕಿದ್ದಾಗ ಒಂದು ಭಾನುವಾರ ಹೋಗಿದ್ದೆ. ಸಣ್ಣ ಸಣ್ಣ ಖಾನೆಗಳನ್ನು ಎಳೆದರೆ ಒಳಗೆ ಅರ್ಧ ಮುರಿದ ಪದಕ, ಒಡೆದ ನಾಣ್ಯ, ಮಣಿ. ಮಗುವಿನ ಕೊರಳಿಗೆ ಅರ್ಧ ಕಟ್ಟಿ, ಇನ್ನರ್ಧ ತಾಯಿ ಇಟ್ಟುಕೊಳ್ಳುತ್ತಿದ್ದಳು. ಮುಂದೆ ಯಾವತ್ತಾದರೂ ಬಂದು ಜೋಡಿಸಿ ತೋರಿಸಿದರೆ ಮಗು ಸಿಗಲಿ ಅಂತ. ಆ ಖಾನೆಯಲ್ಲಿರುವುದೆಲ್ಲ ಅರ್ಧವೇ. 1875ರಲ್ಲಿ ಅಲ್ಲಿ ಮಕ್ಕಳನ್ನು ಬಿಡುತ್ತಿದ್ದ ಕಿಟಕಿ ಮುಚ್ಚಿದಾಗ ಕೊನೆಗೆ ಸಿಕ್ಕ ಗಂಡುಮಗುವಿಗೆ ಇಟ್ಟ ಹೆಸರು ಉಲ್ತಿಮೊ ಲಶಾತಿ. ‘ಬಿಟ್ಟುಹೋದವರಲ್ಲಿ ಕೊನೆಯವನು’. ಗುಮಾಸ್ತನ ಕೈಯಲ್ಲಿ ಹೆಸರಿಡುವ ಕೆಲಸ ಕೊಟ್ಟರೆ ಹೀಗೇ ಆಗುತ್ತದೆ. ಅದರ ಮುಂದೆ ‘ದೇವರು ನಿನ್ನನ್ನು ಸಾಕಲಿ’ ಎಷ್ಟು ಚೆಂದ!

ಇನ್ನು ರಾಜಮನೆತನ. ರಾಜರಲ್ಲ, ಆದರೆ ರಿಮಿನಿ ಪಟ್ಟಣದಲ್ಲಿ ದಿಯೊತಲ್ಲೇವಿ ಅಂತ ಒಂದು ಶ್ರೀಮಂತ ಮನೆತನ ಇದ್ದದ್ದು ನಿಜ. ಹೆಸರಾಂತ ಚಿತ್ರಗಾರ ರಾಫೆಲ್ ಹುಡುಗ ವಯಸ್ಸಿನಲ್ಲಿ ಬರೆದ ಒಂದು ಮಡೋನ್ನ (ಮಾತೆ ಮೇರಿ) ಚಿತ್ರ ಆ ಮನೆಯವರ ಹತ್ತಿರ ಇತ್ತು. 19ನೇ ಶತಮಾನದಲ್ಲಿ ಅದು ಬರ್ಲಿನ್ ಸೇರಿತು, ಈಗಲೂ ಅದನ್ನು ‘ದಿಯೊತಲ್ಲೇವಿ ಮಡೋನ್ನ’ ಅಂತಲೇ ಕರೆಯುತ್ತಾರೆ. 17ನೇ ಶತಮಾನದ ಶುರುವಿನಲ್ಲಿ ಫ್ರಾಂಚೆಸ್ಕೊ ದಿಯೊತಲ್ಲೇವಿ ಎಂಬ ಬಿಷಪ್ ಪೋಲೆಂಡಿನಲ್ಲಿ ಪೋಪನ ರಾಯಭಾರಿಯಾಗಿದ್ದ. ಆದರೆ ಲಾಂಛನ ಒಂದು ಮನೆತನದ್ದು, ಹೆಸರಿನದ್ದಲ್ಲ. ದೇಸಾಯಿ ಅಂತ ಹೆಸರಿದ್ದವರೆಲ್ಲ ಒಂದೇ ವಾಡೆಯವರು ಆಗ್ತಾರಾ? ಇಟಲಿಯ 1948ರ ಸಂವಿಧಾನ ಇಂಥ ಶ್ರೀಮಂತ ಪದವಿಗಳಿಗೆ ಮಾನ್ಯತೆಯನ್ನೇ ತೆಗೆದುಹಾಕಿದೆ. ಸುಮ್ನೆ ದುಡ್ಡು ಕೊಟ್ಟು ಆ ಫ್ರೇಮು ತರಿಸಬೇಡಿ.

ಎಲ್ಲಿದ್ದಾರೆ ಅಂತ ಕೇಳಿದಿರಿ. ಇಟಲಿಯಲ್ಲಿ 3 ಲಕ್ಷಕ್ಕೂ ಜಾಸ್ತಿ ಅಡ್ಡಹೆಸರುಗಳಿವೆ, ಹಾಗಾಗಿ ಬಹುಪಾಲು ಹೆಸರುಗಳು ಅಪರೂಪವೇ. ದಿಯೊತಲ್ಲೇವಿಗಳು ಮುಖ್ಯವಾಗಿ ಸಿಗುವುದು ದೇಶದ ನಡುವಿನ ಪಟ್ಟಿಯಲ್ಲಿ: ರಿಮಿನಿ ಸುತ್ತಮುತ್ತ, ಮಾರ್ಕೆ, ಉಂಬ್ರಿಯ, ರೋಮ್ ಇರುವ ಲಾತ್ಸಿಯೊ. ಭೂಪಟದಲ್ಲಿ ಗೆರೆ ಎಳೆದು ನೋಡಿ. ಇವೆಲ್ಲ ಹಿಂದೆ ಪೋಪನೇ ಆಳುತ್ತಿದ್ದ ಸೀಮೆ. ನಿಮ್ಮ ಹುಡುಕಾಟಕ್ಕೆ ಇದು ಬಹಳ ಮುಖ್ಯ, ಯಾಕೆ ಅಂತ ಹೇಳುತ್ತೇನೆ.

ಒಂದು ಎಚ್ಚರಿಕೆ ಮೊದಲು. ನೆಟ್ಟಲ್ಲಿ ಸಿಗುವ ಸರ್‌ನೇಮ್ ಮ್ಯಾಪುಗಳು ಎಷ್ಟೋ ಸಲ ಹಳೆಯ ಟೆಲಿಫೋನ್ ಡೈರೆಕ್ಟರಿ ಮೇಲೆ ನಿಂತಿರುತ್ತವೆ. ಲ್ಯಾಂಡ್‌ಲೈನ್ ಇದ್ದ ಮನೆಗಳು ಮಾತ್ರ ಲೆಕ್ಕಕ್ಕೆ ಬಂದಿರುತ್ತವೆ. ಎಲ್ಲಿ ಗಟ್ಟಿ, ಎಲ್ಲಿ ತೆಳು ಅಂತ ನೋಡಲು ಅವು ಸಾಕು. ‘ಒಟ್ಟು ಇಷ್ಟೇ ಮನೆ’ ಅಂತ ಅಲ್ಲಿರುವ ಅಂಕಿಯನ್ನು ನಂಬಬೇಡಿ. ಇನ್ನು ಮಿಲಾನಿನಲ್ಲಿ ಚುಕ್ಕೆ ಕಂಡರೆ ಅದು ಕೆಲಸಕ್ಕೆ ಹೋದವರದು, ಬೇರಿನದ್ದಲ್ಲ. ನಮ್ಮ ಬೆಂಗಳೂರಿನ ಕಥೆಯೇ.

ಸರಿ, ಈಗ ಕೆಲಸ. ಹುಡುಗನ ಹತ್ತಿರ ಒಂದೇ ಪ್ರಶ್ನೆ ಕೇಳಿ: ಅವನ ಅಜ್ಜ, ಸಾಧ್ಯವಾದರೆ ಮುತ್ತಜ್ಜ, ಯಾವ ‘ಕೊಮೂನೆ’ಯಲ್ಲಿ ಹುಟ್ಟಿದ್ದು? ಕೊಮೂನೆ ಅಂದರೆ ಅಲ್ಲಿನ ಪಂಚಾಯಿತಿ ಅಥವಾ ಪುರಸಭೆ, ಜನನ ಮರಣದ ಪುಸ್ತಕ ಇರುವುದು ಅಲ್ಲೇ. ಆ ಊರಿನ ಹೆಸರು ಸಿಕ್ಕರೆ ‘ಅಂತೆನಾತಿ’ ಅನ್ನುವ ಸರ್ಕಾರಿ ಪೋರ್ಟಲ್ ತೆರೆಯಿರಿ. ಹೆಸರಿನ ಅರ್ಥವೇ ಪೂರ್ವಜರು. ರಾಜ್ಯ ದಫ್ತರಗಳ ಹಳೆಯ ಪುಸ್ತಕಗಳ ಪುಟಗಳನ್ನು ಪುಕ್ಕಟೆ ನೋಡಬಹುದು. ಎಲ್ಲ ಊರೂ ಇರುವುದಿಲ್ಲ, ತಾಳ್ಮೆ ಬೇಕು.

ಪೋಪನ ಸೀಮೆ ಅಂದೆನಲ್ಲ, ತೊಡಕು ಇರುವುದು ಅಲ್ಲಿ. ನೆಪೋಲಿಯನ್ ಕಾಲದಲ್ಲಿ, 1806ರಿಂದ 1810ರ ಒಳಗೆ, ಸರ್ಕಾರಿ ಜನನ ಪುಸ್ತಕ ಶುರುವಾಯಿತು. ಅವನು ಬಿದ್ದ ಮೇಲೆ ಪೋಪ್ ವಾಪಸು ಬಂದ, ಪುಸ್ತಕ ನಿಂತಿತು. ಮತ್ತೆ ಶುರುವಾದದ್ದು 1860ರ ದಶಕದಲ್ಲಿ, ರೋಮ್ ಕಡೆ 1871ರ ಹೊತ್ತಿಗೆ. ನಡುವಿನ ಸುಮಾರು 50 ವರ್ಷಕ್ಕೆ ಚರ್ಚಿನ ಪುಸ್ತಕವೇ ಗತಿ. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ತ್ರೆಂತೊ ಮಹಾಸಭೆ ಮುಗಿದಾಗಿನಿಂದ ಪ್ರತಿ ಚರ್ಚೂ ದೀಕ್ಷೆ, ಮದುವೆಯ ಲೆಕ್ಕ ಇಡಬೇಕು ಅಂತ ಆಯಿತು. ಪಾದ್ರಿಯ ಲ್ಯಾಟಿನ್, ಪಾದ್ರಿಯ ಕೈಬರಹ, ಪಾದ್ರಿ ಕೇಳಿಸಿಕೊಂಡಂತೆ ಹೆಸರು. ರಿಮಿನಿ ಕಡೆಯ ಆಡುಮಾತಿನಲ್ಲಿ ಒತ್ತಕ್ಷರ ಸವೆದುಹೋಗುತ್ತದೆ, ಅದಕ್ಕೇ ಒಂದೇ ‘ಲ’ ಇರುವ ರೂಪವನ್ನೂ ಹುಡುಕಿ.

ಪುಸ್ತಕದಲ್ಲಿ ಎರಡು ಸಣ್ಣ ಪದಗಳ ಮೇಲೆ ಕಣ್ಣಿಡಿ. ‘ದಿ ಜೊವಾನ್ನಿ’ ಅಂದರೆ ಜೊವಾನ್ನಿಯ ಮಗ, ಅಪ್ಪ ಬದುಕಿದ್ದಾನೆ. ‘ಫು ಜೊವಾನ್ನಿ’ ಅಂದರೆ ತೀರಿಕೊಂಡ ಜೊವಾನ್ನಿಯ ಮಗ. ಇದು ಗೊತ್ತಿಲ್ಲದೆ ನಾನು ಬೊಲೋನ್ಯದ ರೂಮ್‌ಮೇಟಿನ ವಂಶವೃಕ್ಷ ಮಾಡಲು ಹೋಗಿ ಮೂರು ತಿಂಗಳು ಹಾಳುಮಾಡಿದೆ. 1871ರಲ್ಲಿ ‘ಫು’ ಆಗಿದ್ದ ಮನುಷ್ಯನಿಗೆ 1874ರಲ್ಲಿ ಮಗು ಹುಟ್ಟಿಸಿಬಿಟ್ಟಿದ್ದೆ! ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಅಲ್ಲೂ ಇದೆ, ಒಂದೇ ಊರಲ್ಲಿ ಒಂದೇ ಹೆಸರಿನ ದಾಯಾದಿಗಳು ನಾಲ್ಕು ಜನ ಇದ್ದರು.

ಪೂರ್ವಜರಲ್ಲಿ ಯಾರಾದರೂ ಬಿಟ್ಟುಹೋದ ಮಗು ಆಗಿದ್ದರೆ ಪುಸ್ತಕವೇ ಹೇಳುತ್ತದೆ. ‘ಎಸ್ಪೋಸ್ತೊ’, ‘ಪ್ರೊಯೆತ್ತೊ’, ‘ತಂದೆ ತಾಯಿ ಗೊತ್ತಿಲ್ಲ’ ಅಂತ ಬರೆದಿರುತ್ತಾರೆ. ಎಷ್ಟೋ ಕಡೆ ಮಗು ಯಾವ ಬಟ್ಟೆಯಲ್ಲಿ ಸುತ್ತಿತ್ತು, ಕೊರಳಲ್ಲಿ ಏನಿತ್ತು ಅಂತಲೂ ಇರುತ್ತದೆ. ಅಲ್ಲಿಗೆ ಆ ಎಳೆ ಮುಗಿಯಿತು, ಹಿಂದೆ ಹೋಗಲು ಆಗುವುದಿಲ್ಲ. ಅಂಥ ಬರಹ ಇಲ್ಲದೆ ಅಪ್ಪ, ಅಜ್ಜ ಅಂತ ಹೆಸರು ಸಿಗುತ್ತಾ ಹೋದರೆ ನಿಮ್ಮ ನೆಂಟರ ಬಾಯಿಗೆ ಅದೇ ಉತ್ತರ.

ಮಗಳ ಹೆಸರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಟಲಿಯಲ್ಲಿ ಮದುವೆಯಾದರೂ ಹೆಂಗಸಿನ ದಾಖಲೆಗಳು ಹುಟ್ಟುಹೆಸರಿನಲ್ಲೇ ಇರುತ್ತವೆ, ಅವಳು ದಿಯೊತಲ್ಲೇವಿ ಆಗಬೇಕಿಲ್ಲ. ಮಕ್ಕಳಿಗೆ 2022ರ ಸಾಂವಿಧಾನಿಕ ನ್ಯಾಯಾಲಯದ ತೀರ್ಪಿನ ನಂತರ ಅಪ್ಪ ಅಮ್ಮ ಇಬ್ಬರ ಅಡ್ಡಹೆಸರೂ ಬರುತ್ತದೆ, ಒಂದೇ ಸಾಕು ಅಂತ ಇಬ್ಬರೂ ಒಪ್ಪಿದರೆ ಮಾತ್ರ ಒಂದು. ನಮ್ಮವರ ಗೋಳು ಬೇರೆ, ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಲ್ಲಿನ 16 ಅಕ್ಷರದ ತೆರಿಗೆ ಸಂಖ್ಯೆ ಶುರುವಾಗುವುದೇ ಅಡ್ಡಹೆಸರಿನ ಮೂರು ವ್ಯಂಜನದಿಂದ, ಹುಡುಗನದು ಡಿ, ಟಿ, ಎಲ್ ಅಂತ ಶುರುವಾಗಿರುತ್ತದೆ. ಮಗಳದ್ದು ಖಾಲಿ ಇದ್ದರೆ ಮದುವೆ ಕಾಗದಕ್ಕೆ ಮೊದಲೇ ಕಾನ್ಸುಲೇಟಿನಲ್ಲಿ ವಿಚಾರಿಸಿ.

ಕಾರ್ಡಿಗೆ ‘ದಿಯೊತಲ್ಲೇವಿ’ ಅಂತಲೇ ಕೊಡಿ. ಡಿಯೊಟಲೆವಿ ಬೇಡ. ಅವರ ದ, ತ ನಮ್ಮ ದ, ತ ಥರವೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಒತ್ತು ‘ಲ್ಲೇ’ ಮೇಲೆ ಬೀಳುತ್ತದೆ. ಪ್ರೂಫ್ ಬಂದಾಗ ‘ಲ’ದ ಕೆಳಗಿನ ಒತ್ತಕ್ಷರ ಬಿಟ್ಟುಹೋಗಿದೆಯಾ ಅಂತ ಒಂದು ಸಲ ನೋಡಿ. ಮುತ್ತಜ್ಜನ ಊರಿನ ಹೆಸರು ಸಿಕ್ಕಿದ ದಿನ ಇಲ್ಲೇ ಹಾಕಿ, ಆ ಊರಿನ ಪುಸ್ತಕ ಪೋರ್ಟಲಿನಲ್ಲಿ ಇದೆಯಾ ಅಂತ ನಾನು ನೋಡುತ್ತೇನೆ.