ಶಂಖ ಒಡೆದದ್ದು ಯಾವಾಗ?

ಪ್ರಶ್ನೆ: ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ (1954) ಕಾದಂಬರಿಯಲ್ಲಿ ಶಂಖ ಒಡೆದಾಗ ಶಿಸ್ತು ಸತ್ತಿತು ಎಂದು ಪರೀಕ್ಷೆಯಲ್ಲಿ ಬರೆಯಬಹುದೇ?

ಉತ್ತರ: ಬರೆಯಬಹುದು, ಆದರೆ ಅದು ಅರ್ಧ ಉತ್ತರ. ನಿರ್ಜನ ದ್ವೀಪದಲ್ಲಿ ಸಿಲುಕಿದ ಹುಡುಗರ ಈ ಕಥೆಯಲ್ಲಿ ಶಂಖ ಊದಿದರೆ ಸಭೆ, ಅದನ್ನು ಹಿಡಿದವನಿಗಷ್ಟೇ ಮಾತು. ಶಂಖ ಚೂರಾಗುವುದು 11ನೇ ಅಧ್ಯಾಯದಲ್ಲಿ, ಬಂಡೆ ಉರುಳಿ ಕನ್ನಡಕದ ಹುಡುಗ ಪಿಗ್ಗಿ ಸಾಯುವಾಗ. ಅದರ ಬೆಲೆ ಕುಸಿದದ್ದು ಬಹಳ ಮೊದಲೇ. 5ನೇ ಅಧ್ಯಾಯದಲ್ಲೇ ಹುಡುಗರ ನಾಯಕ ರಾಲ್ಫ್ ಅದನ್ನು ಊದಲು ಹೆದರುತ್ತಾನೆ: ಊದಿದರೂ ಯಾರೂ ಬರದಿದ್ದರೆ? 10ನೇ ಅಧ್ಯಾಯದ ರಾತ್ರಿದಾಳಿಯನ್ನು ಖಂಡಿತ ಬರೆಯಿರಿ. ಶಂಖಕ್ಕಾಗಿ ಬಂದರೆಂದು ಪಿಗ್ಗಿ ತಿಳಿದಿದ್ದ; ರಾಲ್ಫ್‌ನಿಂದ ಬೇರೆಯಾದ ಜ್ಯಾಕ್‌ನ ಗುಂಪು ಒಯ್ದದ್ದು ಬೆಂಕಿ ಹೊತ್ತಿಸುವ ಪಿಗ್ಗಿಯ ಕನ್ನಡಕವನ್ನು. ಶಂಖವನ್ನು ಕದಿಯುವಷ್ಟೂ ಲೆಕ್ಕಕ್ಕಿಟ್ಟಿರಲಿಲ್ಲ!

ಅಂದಹಾಗೆ, ಸಮೀಪದೃಷ್ಟಿಯ ಪಿಗ್ಗಿಗೆ ಬೇಕಾದದ್ದು ನಿಮ್ನ ಮಸೂರ. ಅದು ಬಿಸಿಲನ್ನು ಚದುರಿಸುತ್ತದೆ, ಒಂದೆಡೆ ಸೇರಿಸುವುದಿಲ್ಲ, ಬೆಂಕಿ ಹೊತ್ತದು. ಲೇಖಕರ ಈ ಎಡವಟ್ಟಿನಿಂದ ಸಂಕೇತವೇನೂ ಕೆಡುವುದಿಲ್ಲ.